ಹೊಸ ಮನೆಯಲ್ಲಿ ಮೊದಲು ಇದ್ದವರು

ನೋವೈ, ಮಿಶಿಗನ್
12 ಜೂನ್ 2024

ಜಯಕ್ಕನಿಗೆ ಮಂಜರಿಯ ನಮಸ್ಕಾರಗಳು.

ಮೂರು ವರ್ಷಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಕಸದ ಬುಟ್ಟಿಗೆ ಹಾಕದಿದ್ದರೆ ಅಷ್ಟೇ ಸಾಕು.

ವಿಷಯ ಇದು. ಇವರ ವೀಸಾ ನವೀಕರಿಸುತ್ತ, ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತು ಹದಿಮೂರು ವರ್ಷವಾಯಿತು. ಕೊನೆಗೆ ಬೇಸತ್ತು ಕೆನಡಾದಲ್ಲಿ ಕಾಯಂ ಇರಲು ಪಿ.ಆರ್. ತೆಗೆದುಕೊಂಡೆವು. ಡೆಟ್ರಾಯಿಟ್ ನದಿಯ ಆಚೆ ದಡದ ವಿಂಡ್ಸರ್‌ನಲ್ಲಿ ಒಂದು ಹೊಸ ಮನೆ ಕೊಂಡಿದ್ದೇವೆ. ಇನ್ನು ಮೇಲೆ ಪ್ರಸನ್ನ ದಿನಾ ಸೇತುವೆ ದಾಟಿ ಇಲ್ಲಿನ ಕೆಲಸಕ್ಕೆ ಬರುತ್ತಾರೆ.

ಅಲ್ಲಿ ಹೊಸ ಮನೆಗೂ ಸಾಬೂನಿಗೆ, ಬಿಸ್ಕತ್ತಿಗೆ ಹಾಕುವಂತೆ ಸೇಲ್ಸ್ ಟ್ಯಾಕ್ಸ್ ಹಾಕುತ್ತಾರೆ. ಸ್ವಂತ ವಾಸಕ್ಕೆ ಕೊಂಡವರಿಗೆ ಅದರಲ್ಲಿ ಒಂದು ಭಾಗ ವಾಪಸ್ಸು. ನಮಗೆ ಅದು ಇಪ್ಪತ್ನಾಲ್ಕು ಸಾವಿರ ಡಾಲರ್. ಬಿಲ್ಡರ್ ಅಷ್ಟನ್ನೂ ಮೊದಲೇ ಬೆಲೆಯಲ್ಲಿ ಕಳೆದಿದ್ದಾನೆ. ನಾಳೆ ಸರ್ಕಾರ ಒಪ್ಪದಿದ್ದರೆ ನಾವು ಕೈಯಿಂದ ಕಟ್ಟಬೇಕು.

ಕೀಲಿ ಸಿಗುವುದು ಜುಲೈ ಎಂಟಕ್ಕೆ. ಆಷಾಢ ಆರಕ್ಕೇ ಶುರು. ನಮ್ಮತ್ತೆ ಅನುಸೂಯಮ್ಮ ನಮ್ಮ ಜೊತೆಯಲ್ಲೇ ಇದ್ದಾರೆ. "ಆಷಾಢದಲ್ಲಿ ಯಾರಾದ್ರೂ ಹೊಸ ಮನೆ ಹೊಸ್ತಿಲು ತುಳೀತಾರೇನೇ? ಕರೆಂಟ್ ಬಿಲ್ ಕೂಡ ನಮ್ಮ ಹೆಸರಲ್ಲಿ ಬರಕೂಡದು" ಎಂದು ಪಟ್ಟು ಹಿಡಿದಿದ್ದಾರೆ. ಇನ್ಶೂರೆನ್ಸಿನವರು ಮನೆ ಖಾಲಿ ಬಿಡಕೂಡದು ಎಂದು ಪಟ್ಟು ಹಿಡಿದಿದ್ದಾರೆ. ಮನೆ ಕಟ್ಟಿ ನೋಡು ಎಂದ ಹಿರಿಯರು ಆಷಾಢದಲ್ಲಿ ಕೀಲಿ ತೆಗೆದುಕೊಂಡು ನೋಡು ಎಂದು ಸೇರಿಸಬೇಕಿತ್ತು.

ಶ್ರಾವಣದವರೆಗೆ, ಒಂದು ಐದು ವಾರ, ನೀನು ಹೋಗಿ ಅಲ್ಲಿ ಇರುತ್ತೀಯಾ? ಬೇರೆ ಯಾರನ್ನೂ ಇರಿಸುವ ಹಾಗಿಲ್ಲ. ಆ ಹಣ ವಾಪಸ್ಸು ಬರಬೇಕಾದರೆ ಮನೆಯಲ್ಲಿ ಮೊಟ್ಟಮೊದಲು ವಾಸ ಮಾಡುವವರು ಕೊಂಡವರೇ ಆಗಿರಬೇಕು, ಇಲ್ಲವೇ ಅವರ ಹತ್ತಿರದ ಸಂಬಂಧಿಯಾಗಿರಬೇಕು. ತಂದೆ ತಾಯಿ, ಮಕ್ಕಳು, ಅಕ್ಕತಂಗಿ, ಅಣ್ಣತಮ್ಮ ಎಂದು ಬರೆದಿತ್ತು. ಓದಿದ ಕೂಡಲೇ, ಸರಿ, ಜಯಕ್ಕ ಇದ್ದಾಳಲ್ಲ ಅಂದೆ. ಅಷ್ಟು ದಿನದ ಕರೆಂಟನ್ನೂ ನಿನ್ನ ಹೆಸರಿನಲ್ಲೇ ಹಾಕಿಸುತ್ತೇನೆ.

ಬೇಡ ಎನ್ನುವುದಾದರೂ ಒಂದು ಸಾಲು ಬರೆ.

ನಿನ್ನ
ಮಂಜರಿ


ಸ್ಕೋಕಿ, ಇಲಿನಾಯ್
20 ಜೂನ್ 2024

ಶ್ರೀಮತಿ ಮಂಜರಿಯವರಿಗೆ,

ತಮ್ಮ ಕಾಗದ ತಲುಪಿತು. ಕಸದ ಬುಟ್ಟಿಗೆ ಹಾಕಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾಗದದ ಕಸ ಹಾಕಲು ಎರಡು ಮಹಡಿ ಇಳಿಯಬೇಕು, ನನ್ನ ಮಂಡಿಗೆ ಅದು ಆಗದು.

ಬರುತ್ತೇನೆ. ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತಳಾಗಿ ವರ್ಷವಾಯಿತು, ಇಲ್ಲಿ ಕೂತು ಮಾಡುವ ಘನಂದಾರಿ ಕೆಲಸವೇನೂ ಇಲ್ಲ. ಆಷಾಢದ ಭಯವೂ ನನಗಿಲ್ಲ. ನಿಮ್ಮ ಮನೆತನದ ದೋಷ ನನಗೆ ತಟ್ಟುವುದಿಲ್ಲ ಎಂಬುದಕ್ಕೆ ಮೈಸೂರಿನ ಕಚೇರಿಯಲ್ಲಿ ದಾಖಲೆಯೇ ಇದೆಯಲ್ಲ.

ಎಂಟನೇ ತಾರೀಕಿನ ರೈಲಿಗೆ ಟಿಕೆಟ್ ಮಾಡಿಸುತ್ತೇನೆ. ಡೆಟ್ರಾಯಿಟ್ ಸ್ಟೇಷನ್ನಿಗೆ ಪ್ರಸನ್ನ ಒಬ್ಬನೇ ಬಂದರೆ ಸಾಕು.

ಇಂತಿ,
ಜಯಾ


ವಿಂಡ್ಸರ್
14 ಜುಲೈ 2024

ಮಂಜರಿಗೆ,

ಬಹುವಚನ ಬರೆದು ಅಭ್ಯಾಸವಿಲ್ಲ, ಏಕವಚನಕ್ಕೆ ಇಳಿದಿದ್ದೇನೆ. ಅದನ್ನು ಸಲಿಗೆ ಎಂದುಕೊಳ್ಳಬೇಡ.

ಮನೆ ಚೆನ್ನಾಗಿದೆ. ಬಾಗಿಲು ತೆಗೆದರೆ ಮರದ ಪುಡಿಯ ವಾಸನೆ, ಪೇಂಟಿನ ವಾಸನೆ. ನನ್ನದು ಒಂದು ಚಾಪೆ, ಒಂದು ಪಾತ್ರೆ, ಎರಡು ಲೋಟ, ನಿನ್ನ ಗಂಡ ತಂದಿಟ್ಟ ರೈಸ್ ಕುಕ್ಕರ್. ಇಷ್ಟು ದೊಡ್ಡ ಮನೆಯಲ್ಲಿ ಇಷ್ಟು ಕಡಿಮೆ ಸಾಮಾನಿಟ್ಟುಕೊಂಡು ನಾನು ಎಂದೂ ಇದ್ದವಳಲ್ಲ.

ಬೆಳಿಗ್ಗೆ ಬಿಸಿಲು ಮಹಡಿಯ ಪೂರ್ವದ ಕೋಣೆಗೆ ಬರುತ್ತದೆ. ಹನ್ನೊಂದರ ಹೊತ್ತಿಗೆ ಮೆಟ್ಟಿಲಿಳಿದು ಹಾಲಿಗೆ, ನಾಲ್ಕಕ್ಕೆ ಅಡುಗೆಮನೆಗೆ. ನಾನು ಚಾಪೆ ಎಳೆದುಕೊಂಡು ಅದರ ಹಿಂದೆಯೇ ಹೋಗುತ್ತೇನೆ. ಇಷ್ಟು ವರ್ಷ ಟ್ಯೂಬ್‌ಲೈಟಿನ ಕೆಳಗೆ ಗಾಜಿನ ಸ್ಲೈಡು ನೋಡಿದವಳಿಗೆ ಬಿಸಿಲು ಹೀಗೆ ನಡೆಯುತ್ತದೆ ಎಂಬುದೇ ಮರೆತುಹೋಗಿತ್ತು. ಅಡುಗೆಮನೆಯಲ್ಲಿ ಕೆಮ್ಮಿದರೆ ಮಹಡಿಯ ಮೇಲೂ ಯಾರೋ ಕೆಮ್ಮುತ್ತಾರೆ. ಮೊದಲ ದಿನ ಹೆದರಿದೆ. ಈಗ ಜೊತೆಗಿರಲಿ ಎಂದು ನಾನೇ ಆಗಾಗ ಕೆಮ್ಮುತ್ತೇನೆ.

ಎರಡೂ ಪಕ್ಕದ ಮನೆಗಳಿಗೆ ಇನ್ನೂ ಗೋಡೆಯಿಲ್ಲ, ಬರೀ ಮರದ ಚೌಕಟ್ಟು. ಅವುಗಳ ಕೋಣೆಗಳೊಳಗಿಂದ ಆಕಾಶ ಕಾಣುತ್ತದೆ. ಸಂಜೆ ಹೆಬ್ಬಾತುಗಳು ಸಾಲಾಗಿ ಒಂದು ಮನೆಯ ಹಾಲಿನಿಂದ ಇನ್ನೊಂದು ಮನೆಯ ಬಚ್ಚಲಿಗೆ ಗಂಭೀರವಾಗಿ ನಡೆದು ಹೋಗುತ್ತವೆ. ಅವಕ್ಕೆ ಮುಹೂರ್ತ ಕೇಳುವ ಅತ್ತೆ ಇಲ್ಲ. ಕತ್ತಲಾಗುವ ಮೊದಲು ಕಿಟಕಿಯಲ್ಲಿ ನಿಂತರೆ ದೂರದಲ್ಲಿ ಸೇತುವೆಯ ದೀಪಗಳು, ಅದರಾಚೆ ಡೆಟ್ರಾಯಿಟ್. ನೋಡುತ್ತ ನೋಡುತ್ತ ನಾನು ಅಲ್ಲಿಂದ ಇಲ್ಲಿಗೆ ಬಂದೆನೋ, ಇಲ್ಲಿಂದ ಅಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ.

ನಿನ್ನೆ ಮಧ್ಯಾಹ್ನ ಹಾಲಿನ ಬಿಸಿಲಿನಲ್ಲೇ ನಿದ್ದೆ ಹೋದೆ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಕೋಣೆ ಕೋಣೆಯನ್ನೂ ಹೆಜ್ಜೆ ಹಾಕಿ ಅಳೆಯುತ್ತಿದ್ದರು. "ಇದು ಚೇತನ್‌ದು, ಇದು ಮಂಜೂದು" ಎನ್ನುತ್ತ ಬಾಗಿಲು ತೆಗೆಯುತ್ತಿದ್ದರು. ತೆಗೆದಷ್ಟೂ ಬಾಗಿಲುಗಳು. ನನ್ನ ಕೋಣೆ ಬರುವ ಮೊದಲು ಹೊರಗೆ ಟ್ರಕ್ಕು ಮರ ಇಳಿಸಿದ ಸದ್ದಿಗೆ ಎಚ್ಚರವಾಯಿತು.

ಅಪ್ಪ ಎಂದು ಬರೆದುಬಿಟ್ಟೆ. ಅಭ್ಯಾಸಬಲ, ಕ್ಷಮಿಸು.

ಜಯಾ


ನೋವೈ
22 ಜುಲೈ 2024

ಜಯಕ್ಕಾ,

ನಿನ್ನ ಕಾಗದವನ್ನು ಕಾರಿನಲ್ಲಿ ಕೂತು ಓದಿದೆ, ಮನೆಯಲ್ಲಿ ಅಳುವುದಕ್ಕೆ ಜಾಗವಿಲ್ಲ, ಅತ್ತೆ ಕಾರಣ ಕೇಳುತ್ತಾರೆ. ಮೂರು ವರ್ಷದಿಂದ ಹೇಳಬೇಕಾದ್ದನ್ನು ಇವತ್ತು ಹೇಳಿಬಿಡುತ್ತೇನೆ.

ಅಮ್ಮ ಮೊದಲೇ ಹೋಗಿದ್ದರು. ಅಪ್ಪನೂ ಹೋದ ಮೇಲೆ ಮೈಸೂರಿನ ಮನೆಯ ಖಾತೆ ಬದಲಾಯಿಸಲು ವಂಶವೃಕ್ಷ ಬೇಕೆಂದರು. ಚೇತನ್ ಬರೆಸಿ ಕಳಿಸಿದ. ಮೇಲೆ ಸತ್ಯನಾರಾಯಣ, ಕೆಳಗೆ ಎರಡು ಗೆರೆ, ಚೇತನ್, ಮಂಜರಿ. "ಇವರನ್ನು ಬಿಟ್ಟು ಬೇರೆ ಮಕ್ಕಳು ಇರುವುದಿಲ್ಲ" ಎಂಬ ಸಾಲು, ಅದರ ಕೆಳಗೆ ಸಹಿಗೆ ಜಾಗ. ನಾನು ಫೋನ್ ಮಾಡಿ ನಿನ್ನ ಹೆಸರು ಕೇಳಿದೆ. "ದತ್ತು ಪತ್ರ ಎಲ್ಲಿದೆ ಮಂಜು? ಜಯಕ್ಕನ ಹೆಸರು ಹಾಕಿದ್ರೆ ಫೈಲ್ ಎತ್ತಿ ಬಿಸಾಕ್ತಾರೆ. ಬರೀ ಫಾರ್ಮಾಲಿಟಿ, ಸೈನ್ ಮಾಡು" ಅಂದ. ಬಸ್ ಅಪಘಾತದಲ್ಲಿ ಗೆಳೆಯನೂ ಅವನ ಹೆಂಡತಿಯೂ ಹೋದಾಗ ಅವರ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದ ಅಪ್ಪ ಯಾವ ಪತ್ರ ಬರೆಸುತ್ತಾರೆ? ಅಂಗಡಿಯ ಪಾರ್ಕಿಂಗಿನಲ್ಲಿ, ಕಾರಿನ ಬಾನೆಟ್ ಮೇಲಿಟ್ಟು, ಅವಸರದಲ್ಲಿ ಸಹಿ ಹಾಕಿದೆ. ಯೋಚಿಸಲು ಹೊತ್ತಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅದು ನಿನಗೆ ತಿಳಿಯಬಾರದಿತ್ತು ಎಂದಲ್ಲ. ಅದು ಆಗಲೇಬಾರದಿತ್ತು. ತಪ್ಪಾಯಿತು, ಅಕ್ಕಾ.

ಮಂಜರಿ


ವಿಂಡ್ಸರ್
10 ಆಗಸ್ಟ್ 2024

ಮಂಜು,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಬಿಸಿಲು ಬೇರೆ ಕೋಣೆಗೆ ಹೋಯಿತು, ನಾನೂ ಎದ್ದು ಹೋದೆ.

ಆ ಮನೆಯ ಒಂದು ಇಟ್ಟಿಗೆಯೂ ನನಗೆ ಬೇಕಿರಲಿಲ್ಲ. ಕೇಳಿದ್ದರೆ ಬೇಡವೆಂದು ನಾನೇ ಬರೆದುಕೊಡುತ್ತಿದ್ದೆ. ಮಕ್ಕಳಲ್ಲಿ ಒಬ್ಬಳಾಗಿದ್ದುಕೊಂಡು ಬೇಡ ಅನ್ನುವ ಭಾಗ್ಯವಾದರೂ ಸಿಗುತ್ತಿತ್ತು. ಚೇತನ್ ಆ ಕಾಗದದ ಫೋಟೋವನ್ನು ತಪ್ಪಿ ಮನೆಯವರ ಗ್ರೂಪಿಗೆ ಹಾಕಿದಾಗ ನಾನು ಲ್ಯಾಬಿನಲ್ಲಿದ್ದೆ. ಎರಡು ಗೆರೆ ನೋಡಿದೆ. ನೀನು ಹುಟ್ಟಿದ ದಿನ ನರ್ಸಿನ ಕೈಯಿಂದ ನಿನ್ನನ್ನು ಮೊದಲು ಎತ್ತಿಕೊಂಡವಳು ನಾನು, ಆಗ ನನಗೆ ಹನ್ನೆರಡು. ಕೆಳಗೆ ನಿನ್ನ ಸಹಿ ಕಂಡಿತು. ಚೇತನ್ ಸಹಿ ನೋಡಿ ನನಗೇನೂ ಆಗಲಿಲ್ಲ.

ಆಯಿತು. ಬರೆದೆನಲ್ಲ, ಸ್ವಲ್ಪ ಹಗುರಾಯಿತು.

ಈ ಮನೆ ನನಗೆ ಒಗ್ಗಿದೆ. ಒಗ್ಗಬಾರದಿತ್ತು. ಅಡುಗೆಮನೆಯ ಕಪಾಟುಗಳಿಗೆಲ್ಲ ಕಾಗದ ಹಾಸಿದ್ದೇನೆ. ನಿನಗೆ ಎಟುಕುವ ಎತ್ತರದಲ್ಲಿ ಸಾರಿನ ಪುಡಿ, ಹುಳಿಪುಡಿ ಡಬ್ಬಿ ಇಟ್ಟಿದ್ದೇನೆ. ನಿನ್ನೆ ಮಳೆ ಬಂತು. ಪಕ್ಕದ ಗೋಡೆಯಿಲ್ಲದ ಮನೆಗಳೊಳಗೆಲ್ಲ ಮಳೆ, ಈ ಒಂದು ಮನೆಯೊಳಗೆ ಮಾತ್ರ ನಾನು. ಹಾಲಿನಲ್ಲಿ ಮಲಗಿ ಕಣ್ಣು ಮುಚ್ಚಿದರೆ ಚಿಕ್ಕಂದಿನ ಹಾಗೆ ಪಕ್ಕದಲ್ಲಿ ನೀನೂ ಚೇತನ್ನೂ ಮಲಗಿದ್ದೀರಿ ಎನ್ನಿಸುತ್ತಿತ್ತು, ನಿನ್ನ ಕಾಲು ನನ್ನ ಹೊಟ್ಟೆಯ ಮೇಲೆ. ಕಣ್ಣು ಬಿಡಲು ಮನಸ್ಸಾಗದೆ ಬಹಳ ಹೊತ್ತು ಹಾಗೇ ಇದ್ದೆ.

ಹದಿನಾರಕ್ಕೆ ವರಮಹಾಲಕ್ಷ್ಮಿ, ಅವತ್ತೇ ನಿಮ್ಮ ಗೃಹಪ್ರವೇಶ. ನಾನು ಹದಿನಾಲ್ಕಕ್ಕೇ ಹೊರಡುತ್ತೇನೆ. ಮನೆಯೊಳಗೆ ಮೊದಲೇ ಒಬ್ಬಳು ಕೂತಿದ್ದರೆ ಅದೆಂಥ ಪ್ರವೇಶ? ನಿನ್ನ ಅತ್ತೆಗೆ ಹೇಳು, ಒಲೆಯ ಮೇಲೆ ಹಾಲು ನಾನು ಉಕ್ಕಿಸಿಲ್ಲ, ಬಹಳ ಜಾಗ್ರತೆಯಿಂದ ಕಾಸಿದ್ದೇನೆ.

ಜಯಾ


ವಿಂಡ್ಸರ್
22 ಸೆಪ್ಟೆಂಬರ್ 2024

ಜಯಕ್ಕಾ,

ಈ ಮನೆಯಲ್ಲಿ ನನಗೆ ಇನ್ನೂ ದಾರಿ ತಪ್ಪುತ್ತದೆ. ಬೆಳಿಗ್ಗೆ ಎದ್ದರೆ ಒಂದು ಕ್ಷಣ ಯಾವ ಊರು, ಯಾವ ದೇಶ ತಿಳಿಯುವುದಿಲ್ಲ. ಪ್ರಸನ್ನ ಒಂದು ದೇಶದಲ್ಲಿ ಇಡ್ಲಿ ತಿಂದು ಇನ್ನೊಂದು ದೇಶದಲ್ಲಿ ಕಾಫಿ ಕುಡಿಯುತ್ತಾರೆ. ನೀನು ಹೇಳಿದ ಬಿಸಿಲನ್ನು ನೋಡುತ್ತೇನೆ, ಹನ್ನೊಂದಕ್ಕೆ ಸರಿಯಾಗಿ ಮೆಟ್ಟಿಲ ಮೇಲಿರುತ್ತದೆ. ಅದರ ಹಿಂದೆ ನೀನೂ ಚಾಪೆ ಹಿಡಿದು ಇಳಿದು ಬರುತ್ತೀಯ ಎನ್ನಿಸಿ ಎರಡು ಸಲ ತಿರುಗಿ ನೋಡಿದ್ದೇನೆ.

ಈಗ ಒಂದು ಎಡವಟ್ಟಾಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಟ್ಯಾಕ್ಸ್ ವಾಪಸಾತಿಯ ಅರ್ಜಿ ಕಳಿಸುವ ಮುಂಚೆ ಬಿಲ್ಡರ್ ಕಚೇರಿಯವರು ಮೊದಲ ತಿಂಗಳ ಕರೆಂಟ್ ಬಿಲ್ ನೋಡಿದರು. ಅದರಲ್ಲಿ ನಿನ್ನ ಹೆಸರು. ಈ ಜಯಾ ಯಾರು ಎಂದು ಕೇಳಿದರು. ಅಕ್ಕ ಎಂದೆ. ಹಾಗಾದರೆ ರಕ್ತಸಂಬಂಧವೋ, ಮದುವೆಯಿಂದಲೋ, ದತ್ತುವಿನಿಂದಲೋ, ದಾಖಲೆ ಕೊಡಿ ಎಂದರು.

ಆಗ ಹೊಳೆಯಿತು ನೋಡು. ಆಗ! ಜೂನ್‌ನಲ್ಲಿ ನಿಯಮ ಓದಿದಾಗ ಹೊಳೆಯಲಿಲ್ಲ. ದತ್ತು ಪತ್ರ ಇಲ್ಲ ಎಂದು ಜುಲೈನಲ್ಲಿ ನಿನಗೆ ನನ್ನ ಕೈಯಾರೆ ಬರೆದೆ, ಲಕೋಟೆ ಅಂಟಿಸಿದೆ, ಆಗಲೂ ಹೊಳೆಯಲಿಲ್ಲ.

ನಮ್ಮ ವಕೀಲೆ ಒಂದು ದಾರಿ ಹೇಳಿದ್ದಾರೆ. ನೀನು ಅಲ್ಲಿ ವಾಸಕ್ಕೆ ಬಂದವಳಲ್ಲ, ನಾವು ಬರುವವರೆಗೆ ಕಾವಲಿಗೆ ಇದ್ದವಳು, ನಮ್ಮ ಸಂಬಂಧಿಯೂ ಅಲ್ಲ ಎಂದು ನೀನು ಬರೆದುಕೊಟ್ಟು, ನಾನೂ ಕೆಳಗೆ ಸಹಿ ಹಾಕಿದರೆ, ಮೊದಲ ವಾಸ ನಮ್ಮದೇ ಆಗುತ್ತದಂತೆ. ಹಣ ಉಳಿಯುತ್ತದೆ. ನಾನು ನಿನ್ನನ್ನು ಅದನ್ನು ಕೇಳುತ್ತಿಲ್ಲ. ಆದದ್ದನ್ನು ಹೇಳುತ್ತಿದ್ದೇನೆ.

ಮಂಜರಿ


ಸ್ಕೋಕಿ
1 ಅಕ್ಟೋಬರ್ 2024

ಮಂಜು,

ಇದರ ಜೊತೆಗಿರುವ ಕಾಗದ ನೋಡು. ಇಲ್ಲಿನ ಬ್ಯಾಂಕಿನ ನೋಟರಿಯ ಮುಂದೆ ಸಹಿ ಹಾಕಿದ್ದೇನೆ. ನಾನು ಮಂಜರಿಯ ಸಂಬಂಧಿಯಲ್ಲ, ಮನೆ ಕಾಯಲು ಬಂದಿದ್ದೆ ಎಂದು ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದೇನೆ. ಹಾಕಿ ಕೊಟ್ಟುಬಿಡು.

ನಾನು ಇದನ್ನು ತ್ಯಾಗದ ಗತ್ತಿನಲ್ಲಿ ಮಾಡುತ್ತಿಲ್ಲ. ತಪ್ಪಿನಲ್ಲಿ ನನ್ನದೂ ಇದೆ. ನಿನ್ನ ಮೊದಲ ಕಾಗದ ಓದಿದ ಕೂಡಲೇ ನನಗೆ ಗೊತ್ತಾಗಿತ್ತು. ನನ್ನ ಸ್ಕೂಲ್ ಸರ್ಟಿಫಿಕೇಟಿನಲ್ಲಿ ಇವತ್ತಿಗೂ ಹೆತ್ತ ಅಪ್ಪನ ಹೆಸರೇ ಇದೆ. ಹೆಡ್‌ಮಾಸ್ಟರು ಬದಲಾಯಿಸೋಣವೇ ಎಂದಾಗ, "ಸತ್ತವನ ಹೆಸರು ಅಳಿಸ್ಬಾರ್ದು ಸಾರ್, ಅವನ ಮಗಳು ಅಂತ್ಲೇ ಇರ್ಲಿ. ನಮ್ಮನೇಲಿ ನಮ್ಮ ಮಗಳಾಗಿರ್ತಾಳೆ" ಎಂದಿದ್ದರು ನಿಮ್ಮಪ್ಪ. ನಾನು ಪಕ್ಕದಲ್ಲೇ ನಿಂತಿದ್ದೆ. ಆದ್ದರಿಂದ ನಿನ್ನ ಲೆಕ್ಕ ತಪ್ಪು ಎಂದು ಒಂದು ಸಾಲು ಬರೆದಿದ್ದರೆ ಜೂನ್‌ನಲ್ಲೇ ಮುಗಿಯುತ್ತಿತ್ತು.

ಬರೆಯಲಿಲ್ಲ. ಸಹಿ ಹಾಕುವಾಗ ನೆನಪಿದ್ದದ್ದು ಕೀಲಿ ಕೊಡುವಾಗ ನಿನಗೆ ಮರೆತುಹೋಗಿತ್ತು. ಅಕ್ಕತಂಗಿ ಎಂದು ಓದಿ ಯೋಚನೆಯೇ ಇಲ್ಲದೆ ನೀನು ನನ್ನ ವಿಳಾಸ ಹುಡುಕಿದ್ದೆ. ತಿದ್ದಲು ನನಗೆ ಮನಸ್ಸಾಗಲಿಲ್ಲ ಕಣೇ. ಐದು ವಾರವಾದರೂ ಆ ಮರೆವಿನೊಳಗೆ ಇದ್ದುಬರೋಣ ಅನ್ನಿಸಿತು. ಅದಕ್ಕೆ ಇಪ್ಪತ್ನಾಲ್ಕು ಸಾವಿರ ಬಾಡಿಗೆ ಕೊಡುವ ಸ್ಥಿತಿಯಲ್ಲಿ ನೀವಿಲ್ಲ. ಮಗಳು ಗಗನಾಗೆ ಕಾಲೇಜಿನ ಖರ್ಚು ಬರುತ್ತದೆ. ಸಹಿ ಹಾಕು.

ಜಯಾ


ವಿಂಡ್ಸರ್
16 ಅಕ್ಟೋಬರ್ 2024

ಅಕ್ಕಾ,

ನೀನು ಕಳಿಸಿದ ಕಾಗದ ತೆಗೆದುಕೊಂಡು ವಕೀಲೆಯ ಕಚೇರಿಗೆಂದು ಹೊರಟೆ. ಹೊರಟವಳು ನದಿಯ ದಡಕ್ಕೆ ಹೋದೆ. ಬೆಳಿಗ್ಗೆಯ ಮಂಜು ಇನ್ನೂ ಕರಗಿರಲಿಲ್ಲ. ಎದುರಿಗೆ ಡೆಟ್ರಾಯಿಟ್ ಇರಬೇಕಾದ ಜಾಗದಲ್ಲಿ ಬರೀ ಬಿಳುಪು. ಸದ್ದಿಲ್ಲದೆ ಒಂದು ಉದ್ದನೆಯ ಸರಕಿನ ಹಡಗು ಬಂತು, ಹೋಯಿತು. ಅದರ ಹಿಂದೆ ಅಲೆ ಬಂದು ಕಲ್ಲಿಗೆ ಬಡಿಯುವ ಹೊತ್ತಿಗೆ ಹಡಗೇ ಇರಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಒಂದು ಗಂಟೆಗೂ ಹೆಚ್ಚು ಕೂತಿದ್ದೆ. ಈ ಸಲ ಯೋಚಿಸಲು ಹೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ನನ್ನಿಂದಾಗಲಿಲ್ಲ. ಒಂದು ಸಲ ಹಾಕಿದ್ದೇನೆ, ಎರಡನೇ ಸಲ ಹಾಕಲಾರೆ. ಕಾವಲಿಗೆ ಬಂದವರು ಕಪಾಟಿಗೆ ಕಾಗದ ಹಾಸುವುದಿಲ್ಲ, ಸಾರಿನ ಪುಡಿಯನ್ನು ನನ್ನ ಎತ್ತರಕ್ಕೆ ಇಡುವುದಿಲ್ಲ. ನೀನು ಈ ಮನೆಯಲ್ಲಿ ವಾಸ ಮಾಡಿದ್ದೀಯ, ನಮಗಿಂತ ಮೊದಲು ಮಾಡಿದ್ದೀಯ.

ಅರ್ಜಿಯಲ್ಲಿ ಮೊದಲು ಯಾರಿದ್ದರು ಎಂಬಲ್ಲಿ ನಿನ್ನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ಅಕ್ಕ ಎಂದು ಬರೆದೆ. ದಾಖಲೆ ಎಂಬಲ್ಲಿ, ಇಲ್ಲ, ನಮ್ಮ ತಂದೆ ಸಾಕಿದ ಮಗಳು ಎಂದು ಇದ್ದದ್ದನ್ನು ಇದ್ದಹಾಗೆ ಬರೆದೆ. ಹೀಗೆ ಬರೆದರೆ ಹಣ ಹೋದಂತೆಯೇ ಎಂದು ವಕೀಲೆ ಎರಡು ಸಲ ಎಚ್ಚರಿಸಿದರು. ಹೋಯಿತು. ಅರ್ಜಿ ಹಾಕುವಂತಿಲ್ಲ, ತಿಂಗಳೊಳಗೆ ಅಷ್ಟನ್ನೂ ಕಟ್ಟಿ ಎಂದು ನಿನ್ನೆ ಬಿಲ್ಡರ್ ಕಡೆಯಿಂದ ಬಂದಿದೆ. ನಿನ್ನ ನೋಟರಿ ಕಾಗದವನ್ನು ಹರಿದು ಹಾಕಿದೆ.

ಪ್ರಸನ್ನ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರನ್ನು ದೂರುವುದಿಲ್ಲ, ದುಡಿಯುವುದು ಅವರು. ಮೂರನೇ ದಿನ ಊಟಕ್ಕೆ ಕೂತಾಗ ಗಗನಾ, "ಬಟ್ ಶಿ ಈಸ್ ಯುವರ್ ಸಿಸ್ಟರ್, ರೈಟ್? ಸೋ ವಾಟ್ಸ್ ದ ಪ್ರಾಬ್ಲಮ್?" ಅಂದಳು. ಅತ್ತೆ ಅವಳ ತಟ್ಟೆಗೆ ಸುಮ್ಮನೆ ತುಪ್ಪ ಬಡಿಸಿದರು. ಕೈ ತೊಳೆದು ಬಂದ ಮೇಲೆ ಪ್ರಸನ್ನ, "ಕಟ್ಟೋಣ ಬಿಡು ಮಂಜು. ಕಾರ್ ಇನ್ನೆರಡು ವರ್ಷ ಓಡತ್ತೆ" ಅಂದರು. ಉಳಿತಾಯ ಬರಿದಾಗುತ್ತದೆ, ಮೇಲೆ ಸ್ವಲ್ಪ ಸಾಲವೂ ಆಗುತ್ತದೆ. ನನಗೆ ಭಯವಿದೆ. ಆದರೂ ಆ ದಿನದಿಂದ ನಿದ್ದೆ ಚೆನ್ನಾಗಿ ಬರುತ್ತಿದೆ.

ನಿನ್ನ ತಂಗಿ
ಮಂಜರಿ


ಸ್ಕೋಕಿ
24 ಅಕ್ಟೋಬರ್ 2024

ದಡ್ಡ ಶಿಖಾಮಣಿಗೆ,

ನಿನಗೆ ಬುದ್ಧಿ ಇದೆಯೇನೇ? ಇಪ್ಪತ್ನಾಲ್ಕು ಸಾವಿರ! ನಾನು ಅಷ್ಟು ದೂರ ನಡೆದುಹೋಗಿ ನೋಟರಿ ಮಾಡಿಸಿದ್ದನ್ನು ಹರಿದೆ ಎಂದು ಜಂಬದಿಂದ ಬೇರೆ ಬರೆಯುತ್ತೀಯ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಮೂವತ್ತೇಳು ತೆಗೆದವಳಿಂದ ಇನ್ನೇನು ನಿರೀಕ್ಷಿಸಬೇಕು?

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಬೈದೆ. ಬೈಯುತ್ತಲೇ ಅತ್ತುಬಿಟ್ಟೆ. ಕೆಳಗಿನ ಮನೆಯಾಕೆ ಬಂದು ಬಾಗಿಲು ತಟ್ಟಿ ಏನಾಯಿತು ಎಂದು ಕೇಳಿದಳು. "ಮೈ ಸಿಸ್ಟರ್" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡೆ. ಯಾರೋ ತೀರಿಕೊಂಡರೆಂದು ತಿಳಿದು ಪಾಪ ಸಂಜೆ ಸೂಪ್ ಮಾಡಿ ತಂದುಕೊಟ್ಟಳು. ನಿಜ ಹೇಳಲು ನಾಚಿಕೆಯಾಗಿ ಸುಮ್ಮನೆ ಕುಡಿದೆ. ಚೆನ್ನಾಗಿತ್ತು.

ಇದರೊಳಗೆ ಎಂಟು ಸಾವಿರದ ಚೆಕ್ಕಿದೆ. ಇದನ್ನೂ ಹರಿದರೆ ನನ್ನಷ್ಟು ಕೆಟ್ಟವಳಿಲ್ಲ. ಸಾಲ ಕೊಡುತ್ತಿದ್ದೇನೆ ಎಂದುಕೊಳ್ಳಬೇಡ, ಉಪಕಾರ ಎಂದಂತೂ ಮೊದಲೇ ಅನ್ನಬೇಡ. ಸತ್ಯನಾರಾಯಣ ಅವರಿಗೆ ಮಕ್ಕಳು ಮೂವರು. ಇಪ್ಪತ್ನಾಲ್ಕನ್ನು ಮೂರರಿಂದ ಭಾಗಿಸು, ಅಷ್ಟು ನಿನಗೂ ಬರುತ್ತದೆ. ಇದು ನನ್ನ ಪಾಲು.

ಮುಂದಿನ ಶನಿವಾರದ ರೈಲಿಗೆ ಬರುತ್ತೇನೆ. ಈ ಸಲ ಸ್ಟೇಷನ್ನಿಗೆ ನೀನೂ ಬಾ.

ಬೆಳಿಗ್ಗೆ ಮೈಸೂರಿಗೆ ಚೇತನ್‌ಗೆ ಫೋನ್ ಮಾಡಿದ್ದೆ. ಮೂರು ವರ್ಷದ ಮೇಲೆ ನನ್ನ ದನಿ ಕೇಳಿ ಗಾಬರಿಯಾದ. ಎಲ್ಲವನ್ನೂ ಹೇಳಿ, ನಿನ್ನದೂ ಎಂಟು ಸಾವಿರ ಕಳಿಸು ಎಂದೆ. "ಅವಳ ಮನೆ ಟ್ಯಾಕ್ಸು ನಾನ್ಯಾಕಕ್ಕಾ ಕಟ್ಬೇಕು?" ಅಂದ. "ಬಂದಿದ್ದನ್ನ ಇಬ್ರೇ ಹಂಚ್ಕೊಂಡ್ರಿ. ಹೋಗಿದ್ದನ್ನ ಮೂವರೂ ಹಂಚ್ಕೊಳೋಣ" ಅಂದೆ. ಆಮೇಲೆ ನಿನ್ನ ಅಕೌಂಟ್ ನಂಬರ್ ಕೇಳಿದ.

ನಿನ್ನಕ್ಕ
ಜಯಾ